ಮೂರನೇ ಪೀರಿಯಡ್

ಮಿಸೆಸ್ ಸ್ಟಾಡರ್ಡ್ ನಿವೃತ್ತಿಯಾದ ಮೇಲೆ
ಆ ಜಾಗಕ್ಕೆ ಯಾರೂ ಅರ್ಜಿ ಹಾಕಲಿಲ್ಲ.
ಪ್ರಿನ್ಸಿಪಾಲರು ಕರೆದು, "ಡ್ವೇನ್,
ಫುಟ್‌ಬಾಲಿಗೂ ನೆಲ ಬೇಕಲ್ಲ" ಎಂದು ನಕ್ಕು
ಭೂವಿಜ್ಞಾನದ ಕಪಾಟಿನ ಬೀಗದ ಕೈ ಕೊಟ್ಟರು.
ನಾನು ಕೋಚ್. ಕೊಟ್ಟ ಚೆಂಡು ಹಿಡಿದೇ ಅಭ್ಯಾಸ.

ಓಕ್ಲಹೋಮದ ಈ ಊರಿನ ಮಣ್ಣು ಕೆಂಪು.
ಬಿಳಿ ಕಾಲುಚೀಲ ಇಲ್ಲಿ ವಾರ ಬಾಳುವುದಿಲ್ಲ.
ಯಾಕೆ ಕೆಂಪು?
ನಲವತ್ತಾರು ವರ್ಷ ನಾನು ಕೇಳಿರಲಿಲ್ಲ.

ಕಪಾಟಿನಲ್ಲಿ ಮೊಟ್ಟೆಯ ಟ್ರೇ, ಗುಳಿಗೊಂದು ಕಲ್ಲು.
ಜಿರಲೆ ಅಂಟು ತಿಂದು
ಹೆಸರುಚೀಟಿಗಳೆಲ್ಲ ಒಂದು ಮೂಲೆಗೆ ಉದುರಿದ್ದವು.
ಅಂದಾಜಿನ ಮೇಲೆ ನಾಮಕರಣ ಮಾಡಿದೆ.
"ಹೋದ ವರ್ಷ ಇದರ ಹೆಸರು ಬೇರೆ ಇತ್ತಲ್ಲ ಸರ್" ಅಂದ
ಹಿಂದಿನ ಬೆಂಚಿನ ಲಾನಿ, ಎರಡನೇ ಸಲ ಅದೇ ತರಗತಿಯಲ್ಲಿದ್ದವನು.
ಇದ್ದಿರಬಹುದು ಅಂದೆ. ಕಲ್ಲು ಏನೂ ಅನ್ನಲಿಲ್ಲ.

"ಇದು ಪರೀಕ್ಷೆಗೆ ಬರುತ್ತಾ?"
ಬರುವುದಿಲ್ಲ. ರಾಜ್ಯದವರು ಎಣಿಸುವುದು ಓದು, ಲೆಕ್ಕ.
ಓದಿನಲ್ಲಿ ಹಿಂದುಳಿದವರನ್ನು
ನನ್ನ ಪೀರಿಯಡ್ಡಿನಿಂದಲೇ ಎಬ್ಬಿಸಿ ಕರೆದೊಯ್ದರು,
ಆಮೇಲೆ ಲೆಕ್ಕದಲ್ಲಿ ಹಿಂದುಳಿದವರನ್ನು.
ಅಕ್ಟೋಬರಿಗೆ ಮೂವತ್ತನಾಲ್ಕು ಹೋಗಿ ಒಂಬತ್ತು ಉಳಿಯಿತು.
ಪುಸ್ತಕ ಸಾಲದು ಅನ್ನುವ ಚಿಂತೆ ಹಾಗೆ ತಪ್ಪಿತು.

ಒಂದು ಮಂಗಳವಾರ, ಹತ್ತೂ ನಲವತ್ತಕ್ಕೆ,
ಮೊದಲು ಬಾಟಲಿಯ ನೀರು ನಡುಗಿತು, ಆಮೇಲೆ ಕಿಟಕಿ,
ಮೊಟ್ಟೆಯ ಟ್ರೇಯಲ್ಲಿ ಕಲ್ಲುಗಳು ಹಲ್ಲು ಕಡಿದವು.
ಮಕ್ಕಳು ಮೇಜಿನ ಕೆಳಗೆ ಹೋಗಲಿಲ್ಲ.
"ಮೂರು ಪಾಯಿಂಟ್ ಎರಡು!" "ಮೂರೂವರೆ!"
ಫೋನು ತೆಗೆದು ನೋಡಿದರು. ಗೆದ್ದವನಿಗೆ ಒಂದು ಚಿಪ್ಸ್ ಪೊಟ್ಟಣ.

ಆಗ ಡೆಲ್ಮಾ ಫಿಕ್ಸಿಕೊ,
ಆಗಸ್ಟಿನಿಂದ ಬಾಯಿ ಬಿಡದ ಹುಡುಗಿ, ಕೇಳಿದಳು:
"ನಮ್ಮ ಮಾವ ಟ್ಯಾಂಕರ್ ಓಡಿಸ್ತಾನೆ ಸರ್.
ಎಣ್ಣೆಯ ಜೊತೆ ಮೇಲೆ ಬಂದ ಉಪ್ಪುನೀರು, ದಿನಕ್ಕೆ ಒಂಬತ್ತು ಟ್ರಿಪ್ಪು.
ಸ್ಮಶಾನದ ಆಚೆ ಒಂದು ಬಾವಿಯಿದೆ, ಅದರೊಳಗೆ ಒತ್ತುತ್ತಾರೆ,
ಸತ್ತವರಿಗಿಂತ ಎಷ್ಟೋ ಕೆಳಗೆ.
ಅದಕ್ಕೇನಾ?"

ನಮ್ಮ ಸ್ಕೋರ್‌ಬೋರ್ಡಿನ ಮೇಲೆ ಆ ಕಂಪನಿಯ ಹೆಸರಿದೆ.
ನನ್ನ ಜಾಕೆಟ್ಟಿನ ಬೆನ್ನಿಗೂ ಇದೆ.
"ನೂರ ಹನ್ನೆರಡನೇ ಪುಟ ತೆಗೀರಿ" ಅಂದೆ.
ಅಲ್ಲಿ ಭೂಕಂಪವೆಂದರೆ ಕ್ಯಾಲಿಫೋರ್ನಿಯ:
ಮುರಿದ ಸೇತುವೆ, ಅದರ ಕೆಳಗೆ ಐದು ಪ್ರಶ್ನೆ.
ಅವಳದು ಆ ಐದರಲ್ಲಿರಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ಈ ನೆಲ ಯಾರ ಉಪ್ಪು ತಿಂದಿತ್ತು,
ಇಷ್ಟು ಕುಡಿಯುವುದಕ್ಕೆ?

ರಾತ್ರಿ ಮಿಸೆಸ್ ಸ್ಟಾಡರ್ಡ್‌ಗೆ ಫೋನು ಮಾಡಿದೆ.
ಹಿಂದೆ ಟಿವಿಯ ಸದ್ದು. ತಗ್ಗಿಸಿದರು.
"ಕೆಂಪು ಅಂದರೆ ತುಕ್ಕು, ಡ್ವೇನ್. ಕಬ್ಬಿಣ ಉಸಿರಾಡಿದ ಗುರುತು.
ಉಪ್ಪು ಅಂದರೆ ಇಲ್ಲೊಂದು ಸಮುದ್ರವಿತ್ತು.
ಮೈದಾನದ ಉತ್ತರಕ್ಕೆ ರಸ್ತೆ ಕಡಿದ ದರೆಯಿದೆ,
ಅಲ್ಲಿಗೆ ಕರಕೊಂಡು ಹೋಗು. ನೆಕ್ಕಲು ಹೇಳು."
ಸ್ವಲ್ಪ ತಡೆದು, "ಅನುಮತಿ ಕೇಳಬೇಡ" ಅಂದರು.

ಕೇಳಲಿಲ್ಲ. ಒಂಬತ್ತು ಮಕ್ಕಳು, ಒಂದು ಸೀಟಿ.
ದರೆಯ ತುಂಬ ಕೆಂಪು ಪದರ, ಪದರದ ನಡುವೆ
ಒಣಗಿದ ಹಾಲಿನ ಹಾಗೆ ಬಿಳಿ ಗೆರೆ.
ಮೊದಲು ನಾನೇ ನಾಲಿಗೆ ಇಟ್ಟೆ.
ಲಾನಿ ಉಗುಳಿದ, ಮತ್ತೆ ನೆಕ್ಕಿದ, "ಸಮುದ್ರ!" ಎಂದು ಕೂಗಿದ.
ಅವನು ಸಮುದ್ರ ನೋಡಿದವನಲ್ಲ.
ನಾನೂ ಒಮ್ಮೆ ಮಾತ್ರ, ಬಸ್ಸಿನ ಕಿಟಕಿಯಿಂದ.

ಡೆಲ್ಮಾ ಬೆರಳು ಒರೆಸಿಕೊಂಡು ಕೇಳಿದಳು:
"ಒಳಗಿನದನ್ನೇ ಒಳಗೆ ಹಾಕಿದರೆ
ಯಾಕೆ ನಡುಗಬೇಕು?"

ಇಪ್ಪತ್ತು ವರ್ಷ ಈ ಮೈದಾನದಲ್ಲಿ ನಿಂತು
ಅರಚಿದ್ದೇನೆ, ಬೈದಿದ್ದೇನೆ, ಒಮ್ಮೆ ಅತ್ತಿದ್ದೂ ಉಂಟು.
"ಗೊತ್ತಿಲ್ಲ" ಅಂದದ್ದು ಅದೇ ಮೊದಲು.
"ಹುಡುಕೋಣ" ಅಂದದ್ದೂ.

ಮೇ ತಿಂಗಳಲ್ಲಿ ಪುಸ್ತಕಗಳು ವಾಪಸು ಬಂದವು.
ಗೀಚಿದ್ದನ್ನು ಅಳಿಸಿ ಒಳಗಿಡಬೇಕೆಂದು ನಿಯಮ.
ಕೂತು ಅಳಿಸಿದೆ: ಹೃದಯ, ಬೈಗುಳ, ನನ್ನ ಹೊಟ್ಟೆಯದೊಂದು ಚಿತ್ರ.
ನೂರ ಹನ್ನೆರಡನೇ ಪುಟದಲ್ಲಿ, ಮುರಿದ ಸೇತುವೆಯ ಕೆಳಗೆ,
ಪೆನ್ಸಿಲಿನಲ್ಲಿ ಆರನೇ ಪ್ರಶ್ನೆ, ಸಂಖ್ಯೆಯ ಸಮೇತ.
ರಬ್ಬರಿನ ಪುಡಿ ಊದಿ
ಬೀಗ ಹಾಕಿದೆ.